ಸೂಜಿ ಬೇರೆ, ಮುಚ್ಚಳ ಒಂದೇ

ಅಸ್ಗರನಿಗೆ ಈ ಜಗತ್ತಿನಲ್ಲಿ ಮೆಚ್ಚುಗೆ ಇದ್ದದ್ದು ಎರಡರ ಮೇಲೆ ಮಾತ್ರ: ತಾನು ಹೊಲಿದ ಸೀಟು ಮತ್ತು ತಾನು. ಉಳಿದದ್ದೆಲ್ಲ ಅವನ ಕಣ್ಣಿಗೆ ಗುಜರಿ.

ಶಿವಾಜಿನಗರದ ಹಳೇ ಮೋಟಾರು ಸಾಮಾನಿನ ಗಲ್ಲಿಯಲ್ಲಿ, ಸೈಲೆನ್ಸರುಗಳನ್ನು ಬಾಳೆಗೊನೆಯಂತೆ ನೇತುಹಾಕಿದ ಎರಡು ಮಳಿಗೆಗಳ ನಡುವೆ ಅವನ ಅಂಗಡಿ. ಆಟೋದ ಹುಡ್, ಬೈಕಿನ ಸೀಟು, ಹಳೇ ಕಾರುಗಳ ಒಳಹೊದಿಕೆ, ರೆಕ್ಸಿನಿನಲ್ಲಿ ಏನೆಲ್ಲ ಹೊಲಿಯಬಹುದೋ ಅದನ್ನೆಲ್ಲ ಅವನು ಹೊಲಿಯುತ್ತಿದ್ದ. ಬೇರೆಯವರು ಸೀಮೆಸುಣ್ಣದ ಗೆರೆ ಎಳೆದುಕೊಂಡು ಕತ್ತರಿಸಿದರೆ ಇವನು ಕಣ್ಣಳತೆಯಲ್ಲೇ ಕತ್ತರಿಸುತ್ತಿದ್ದ. ಗೆರೆ ಎಳೆಯುವವರನ್ನು ಕಂಡರೆ ಅವನ ತುಟಿಯ ಒಂದು ಮೂಲೆ ಕೆಳಗಿಳಿಯುತ್ತಿತ್ತು.

ಅದು ಇಳಿಯಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಕುಕ್ ಟೌನಿನ ಬಂಗಲೆಯಿಂದ ಹಳೇ ಕಾರು ತಂದು ‘ಒರಿಜಿನಲ್ ಥರಾನೇ ಇರ್ಬೇಕು’ ಎನ್ನುವ ನಿವೃತ್ತ ಸಾಹೇಬರು, ಇಂದಿರಾನಗರದಿಂದ ಬಂದು ಸೀಟಿನ ದಾರದ ಬಣ್ಣಕ್ಕಾಗಿ ಫೋನಿನಲ್ಲಿ ಗೆಳತಿಯನ್ನು ಕೇಳುವ ಹುಡುಗರು, ಹಬ್ಬಕ್ಕೆ ಮಾತ್ರ ನೆಂಟಸ್ತಿಕೆ ನೆನಪಾಗುವ ಭಾವಮೈದುನರು, ಎಲ್ಲರಿಗೂ ಇಳಿಯುತ್ತಿತ್ತು. ಎಲ್ಲಕ್ಕಿಂತ ಕೆಳಗೆ ಇಳಿಯುತ್ತಿದ್ದದ್ದು ಮಾತ್ರ ರೈಲು ಹಳಿಯ ಪಕ್ಕದ ಮುರಿದ ಗೋಡೆಯ ಹಿಂದೆ ಕೂರುವ ಹುಡುಗರನ್ನು ಕಂಡಾಗ. ಅವರು ಒಂದೇ ಸೂಜಿಯನ್ನು ಬೀಡಿಯಂತೆ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅಸ್ಗರ್ ಅವರಿಗೆ ಇಟ್ಟಿದ್ದ ಹೆಸರು ಎಂಜಲು ಪಾರ್ಟಿ.

ಎಂಜಲು ಪಾರ್ಟಿಯ ಹುಡುಗರು ನರಕ್ಕೆ ಏರಿಸಿಕೊಳ್ಳುತ್ತಿದ್ದದ್ದು ಯಾವ ಮಾತ್ರೆಯ ನೀರೋ, ಅಸ್ಗರ್ ಏರಿಸಿಕೊಳ್ಳುತ್ತಿದ್ದದ್ದೂ ಅದೇ ಮಾತ್ರೆಯ ನೀರು. ಆದರೆ ಅವನು ಅದನ್ನು ಗೋಡೆಯ ಹಿಂದೆ ಕೂತು ಮಾಡುತ್ತಿರಲಿಲ್ಲ. ತನ್ನದೇ ಅಂಗಡಿಯ ಅಟ್ಟದಲ್ಲಿ, ತನ್ನದೇ ಹೊಸ ಸಿರಿಂಜಿನಲ್ಲಿ ಮಾಡುತ್ತಿದ್ದ. ಈ ಎರಡು ವ್ಯತ್ಯಾಸಗಳ ಮೇಲೆ ಅವನು ತನ್ನ ಇಡೀ ಮರ್ಯಾದೆಯನ್ನು ಕಟ್ಟಿಕೊಂಡಿದ್ದ.

ಶುರುವಾದದ್ದು ನಿಜವಾದ ನೋವಿನಿಂದಲೇ. ಹಲಸೂರಿನ ಹತ್ತಿರ ನೀರಿನ ಟ್ಯಾಂಕರೊಂದು ಅವನ ಸ್ಕೂಟರನ್ನು ಉಜ್ಜಿಕೊಂಡು ಹೋಗಿ, ಕಾಲಿಗೆ ರಾಡು ಹಾಕಬೇಕಾಯಿತು. ಡಾಕ್ಟರು ನೋವಿನ ಮಾತ್ರೆ ಬರೆದರು. ಕೆಲವು ವಾರ ಕಳೆದ ಮೇಲೆ ನಿಲ್ಲಿಸಿ ಎಂದರು. ಮೆಡಿಕಲ್ ಸ್ಟೋರಿನವನು ನಿಲ್ಲಿಸಲಿಲ್ಲ. ಚೀಟಿಯಿಲ್ಲದೆ ಮಾತ್ರೆ ಕೊಡುವಾಗ ಆ ಮನುಷ್ಯನಿಗೆ ಕಾನೂನು ನೆನಪಾಗುತ್ತಿರಲಿಲ್ಲ. ಸಿರಿಂಜ್ ಕೇಳಿದಾಗ ಮಾತ್ರ ಮುಖ ಗಂಟು ಹಾಕಿಕೊಂಡು ‘ಅದೆಲ್ಲ ಇಲ್ಲಿಡಲ್ಲ, ಇದು ಮರ್ಯಾದಸ್ಥರ ಅಂಗಡಿ’ ಎನ್ನುತ್ತಿದ್ದ. ಮಾತ್ರೆ ನುಂಗಿದರೆ ಸಾಲದಾದಾಗ ಅಸ್ಗರ್ ಸೂಜಿಗೆ ಬಂದ. ಸಿರಿಂಜಿಗೆ ಬಾಣಸವಾಡಿಯವರೆಗೆ ಹೋಗಿ, ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ ಇದ್ದಾರೆಂದು ಹೇಳುತ್ತಿದ್ದ. ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು.

ಕೆಂಪರಾಜ್ ಸಿಕ್ಕಿದ್ದು ಬುಲೆಟ್ ಬೈಕಿನ ಸೀಟಿನ ನೆಪದಲ್ಲಿ. ಕೆ.ಆರ್. ಪುರದ ಹಳೇ ಊರಿನ ಮನೆತನ ಅವನದು. ಅಪ್ಪ ಬೈಲಪ್ಪ ರಾಗಿ ಬೆಳೆದ ನೆಲದಲ್ಲಿ ಈಗ ಪೀಜಿ ಕಟ್ಟಡಗಳು ಬೆಳೆದಿದ್ದವು. ಬೈಲಪ್ಪ ಸತ್ತ ಮೇಲೆ ಎಲ್ಲವನ್ನೂ ತಾಯಿ ಅಕ್ಕಯಮ್ಮನೇ ನೋಡಿಕೊಳ್ಳುತ್ತಿದ್ದಳು. ಮಗನಿಗೆ ಮಾಡಲು ಏನೂ ಉಳಿದಿರಲಿಲ್ಲ, ಅವನು ಏನನ್ನೂ ಉಳಿಸಿಕೊಳ್ಳಲೂ ಇಲ್ಲ. ಮದುವೆಯಾಗಿತ್ತು. ಹೆಂಡತಿ ಧನಲಕ್ಷ್ಮಿಗೆ ಇನ್ನೂ ಮಕ್ಕಳಾಗಿಲ್ಲವೆಂದು ಅಕ್ಕಯಮ್ಮ ಅವಳನ್ನು ದೇವಸ್ಥಾನದಿಂದ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದಳು. ಕೆಂಪರಾಜ್ ಆ ಹೊತ್ತಿನಲ್ಲಿ ಬುಲೆಟ್ಟಿನ ಸೀಟಿಗೆ ಡೈಮಂಡ್ ಹೊಲಿಗೆ ಹಾಕಿಸುತ್ತಿದ್ದ.

‘ಏನ್ ಗುರು, ಕೈ ಬೆವರ್ತಾ ಇದೆ?’ ಎಂದು ಅವನು ಮೊದಲ ದಿನವೇ ಕೇಳಿದ್ದ. ಮಾತ್ರೆಯ ಹೊತ್ತು ಮೀರಿದವರ ಬೆವರನ್ನು ಅದೇ ಬೆವರು ಬರುವವರು ಮಾತ್ರ ಗುರುತಿಸುತ್ತಾರೆ.

ಅಸ್ಗರ್ ಅವನನ್ನು ಅಟ್ಟಕ್ಕೆ ಕರೆದುಕೊಂಡು ಹೋದ. ಗೌರವದಿಂದಲ್ಲ. ಕೆಂಪರಾಜನ ಬಳಿ ಮಾತ್ರೆ ಇರುತ್ತಿತ್ತು, ಅಸ್ಗರನ ಬಳಿ ಜಾಗ ಮತ್ತು ನರ ಹುಡುಕುವ ಕೈ ಇತ್ತು. ನನಗೆ ನೋವಿತ್ತು, ಇವನಿಗೆ ಬರೀ ಬಿಡುವಿತ್ತು ಎಂದು ಅಸ್ಗರ್ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ. ಗೋಡೆಯ ಹಿಂದಿನ ಹುಡುಗರಿಗಿಂತ ಕೆಂಪರಾಜ್ ಅವನ ಲೆಕ್ಕದಲ್ಲಿ ಒಂದು ಮೆಟ್ಟಿಲು ಮೇಲೆ, ಅಷ್ಟೆ.

ಬೆಂಗಳೂರಿನಲ್ಲಿ ಇಬ್ಬರು ಹೋಟೆಲಿಗೆ ಹೋಗಿ ಒಂದು ಕಾಫಿಯನ್ನು ಬೈಟೂ ಮಾಡಿಸಿದರೆ ಅದು ಬಡತನವೂ ಅಲ್ಲ, ಜಿಪುಣತನವೂ ಅಲ್ಲ, ಸ್ನೇಹ. ಅಟ್ಟದಲ್ಲಿ ಅವರಿಬ್ಬರು ಮಾಡಿದ್ದೂ ಅದನ್ನೇ. ಒಂದು ಬಾಟಲಿಯ ಮುಚ್ಚಳ, ಎರಡು ಸಿರಿಂಜು. ಮುಚ್ಚಳದಲ್ಲಿದ್ದದ್ದನ್ನು ಇಬ್ಬರೂ ಅರ್ಧರ್ಧ ಎಳೆದುಕೊಳ್ಳುತ್ತಿದ್ದರು. ಸಾಲಲಿಲ್ಲವೆನಿಸಿದರೆ ಅದೇ ಮುಚ್ಚಳಕ್ಕೆ ಅದೇ ಸಿರಿಂಜುಗಳಿಂದ ಇನ್ನೊಂದು ಸುತ್ತು. ಸೂಜಿ ಮಾತ್ರ ಅದಲುಬದಲಾಗಬಾರದು ಎಂದು ಅಸ್ಗರ್ ತನ್ನ ಸಿರಿಂಜಿನ ಬಾಲಕ್ಕೆ ಹೊಲಿಗೆಯ ಕೆಂಪು ದಾರ ಸುತ್ತುತ್ತಿದ್ದ.

‘ಕೆಂಪು ನಂದು. ಮುಟ್ಟಿದ್ರೆ ಬೆರಳು ಕತ್ತರಿಸ್ತೀನಿ ಮಗಾ.’

‘ನಿನ್ ಎಂಜಲು ಯಾವನಿಗ್ ಬೇಕು ಗುರು? ನಮ್ಮನೇಲಿ ನೀರನ್ನೂ ಎತ್ತಿ ಕುಡಿಯೋದು ನಾವು.’

ಎತ್ತಿ ಕುಡಿಯುವ ಮನೆಯ ಮಗ ಮತ್ತು ಎಂಜಲು ಪಾರ್ಟಿಯನ್ನು ಕಂಡರೆ ಉಗುಳುವ ದರ್ಜಿ, ಇಬ್ಬರೂ ಹೀಗೆ ಮಡಿಯಾಗಿ ಬಹಳ ಕಾಲ ಒಂದೇ ಮುಚ್ಚಳದಿಂದ ಕುಡಿದರು.

ಮೊದಲು ಬಿದ್ದದ್ದು ಅಸ್ಗರ್. ಸಂಜೆಯಾದರೆ ಜ್ವರ. ಮೊಣಕೈಯ ಒಳಗೆ ಎದ್ದ ಬಾವು ಒಡೆದರೂ ಆರಲಿಲ್ಲ. ನಾಲಿಗೆಯ ಮೇಲೆ ಮೊಸರಿನಂಥ ಬಿಳಿ ಕಟ್ಟಿತು. ಪ್ಯಾಂಟಿನ ಸೊಂಟವನ್ನು ಅವನು ತಾನೇ ಒಮ್ಮೆ ಕಿರಿದು ಮಾಡಿ ಹೊಲಿದ, ಆಮೇಲೆ ಮತ್ತೊಮ್ಮೆ. ಗಲ್ಲಿಯ ಹಿರಿಯರು ನೋಡಿ ‘ಗರ್ಮಿ’, ಮೈಯ ಉಷ್ಣ ಎಂದರು, ಯಾರದೋ ನಜರ್, ಕೆಟ್ಟ ದೃಷ್ಟಿ ಎಂದರು, ಕುರಿಕಾಲಿನ ಪಾಯಾ ಸೂಪು ಕುಡಿಸಲು ಹೇಳಿದರು. ಆ ಹಿರಿಯರಿಗೆ ಅಟ್ಟದಲ್ಲಿ ಏನು ನಡೆಯುತ್ತಿತ್ತೆಂದು ಗೊತ್ತಿತ್ತು. ನಮ್ಮ ಗಲ್ಲಿಯಲ್ಲಿ ಅಂಥದ್ದಿಲ್ಲ ಎಂದು ಹೇಳಿಕೊಂಡು ಬಂದಿದ್ದರಿಂದ ಈಗ ಪಾಯಾ ಬಿಟ್ಟರೆ ಅವರ ಬಳಿ ಬೇರೆ ಮದ್ದಿರಲಿಲ್ಲ.

ಅಸ್ಗರನ ಹೆಂಡತಿ ಶಿರೀನ್ ಸೂಪನ್ನು ಕುದಿಸಿ, ತಾನೇ ಕುಡಿದು, ಗಂಡನನ್ನು ಆಟೋ ಹತ್ತಿಸಿದಳು.

‘ಎಲ್ಲಿಗೆ?’

‘ಸರ್ಕಾರಿ ಆಸ್ಪತ್ರೆಗೆ. ನಜರ್ ತೆಗೆಯೋ ಡಾಕ್ಟರ್ ಇದಾರಂತೆ ಅಲ್ಲಿ.’

‘ನಂಗೇನೂ ಆಗಿಲ್ಲ ಶಿರೀನ್.’

‘ಗೊತ್ತು ಜೀ. ಆಗಿರೋದು ನಂಗೆ. ಮದುವೆ.’

ಎಕ್ಸ್‌ರೇಯಲ್ಲಿ ಕ್ಷಯ ಕಾಣಿಸಿತು, ರಕ್ತದಲ್ಲಿ ಎಚ್‌ಐವಿ. ಫಲಿತಾಂಶವನ್ನು ಹೇಳಿದವಳು ಆಪ್ತ ಸಮಾಲೋಚಕಿ ಫಹ್ಮಿದಾ, ಫ್ರೇಜರ್ ಟೌನಿನ ಹೆಂಗಸು, ದಖ್ಖನಿ ಉರ್ದುವನ್ನು ಅಸ್ಗರನಿಗಿಂತ ವೇಗವಾಗಿ ಮಾತಾಡುವವಳು. ಬಾಗಿಲು ಹಾಕಿಕೊಂಡು, ಅವನನ್ನೊಬ್ಬನನ್ನೇ ಕೂರಿಸಿಕೊಂಡು ಹೇಳಿದಳು. ಅಸ್ಗರನ ತುಟಿಯ ಮೂಲೆ ಕೆಳಗಿಳಿಯಿತು.

‘ನಿಮ್ಮ ಮೆಷಿನ್ ತಪ್ಪು ಮೇಡಂ. ನಾನು ಆ ಗೋಡೆ ಹಿಂದಿನವನಲ್ಲ. ನನ್ ಸೂಜಿ ನಂದೇ. ದಾರ ಕಟ್ಟಿ ಇಟ್ಕೋತೀನಿ.’

‘ಮೂರು ಬೇರೆ ಬೇರೆ ಟೆಸ್ಟ್ ಮಾಡಿದಾರೆ ಅಸ್ಗರ್ ಭಾಯ್. ಮೂರೂ ಒಟ್ಟಿಗೆ ತಪ್ಪಾಗಲ್ಲ. ಒಬ್ರೇ ತಗೋತಿದ್ರಾ?’

‘ಇಬ್ರು. ಬೈಟೂ.’

‘ಸೂಜಿ ಬೇರೆ. ಮುಚ್ಚಳ?’

ಪ್ರಶ್ನೆಯೇ ಅಸ್ಗರನಿಗೆ ಬಾಲಿಶವೆನಿಸಿತು. ಹೋಟೆಲಿನಲ್ಲಿ ಕಾಫಿ ಬರುವುದು ಒಂದೇ ಡಿಕಾಕ್ಷನ್ ಪಾತ್ರೆಯಿಂದ ಅಲ್ಲವೇ?

ಫಹ್ಮಿದಾ ಅವಸರ ಮಾಡಲಿಲ್ಲ. ನರಕ್ಕೆ ಹೋಗಿ ಬಂದ ಸೂಜಿಯ ಒಳಗೆ ಕಣ್ಣಿಗೆ ಕಾಣದಷ್ಟು ರಕ್ತ ಉಳಿಯುತ್ತದೆ. ಎರಡನೇ ಸುತ್ತಿಗೆ ಅದನ್ನು ಮುಚ್ಚಳಕ್ಕೆ ಅದ್ದಿದಾಗ ಆ ರಕ್ತ ಮುಚ್ಚಳಕ್ಕೆ, ಅಲ್ಲಿಂದ ಇನ್ನೊಬ್ಬನ ಸೂಜಿಗೆ, ಅಲ್ಲಿಂದ ನೇರವಾಗಿ ಅವನ ನರಕ್ಕೆ. ಸೋಸುವ ಹತ್ತಿ, ತೊಳೆಯುವ ನೀರು, ಎಲ್ಲದಕ್ಕೂ ಇದೇ ದಾರಿ. ಬಾಯಿ, ಹೊಟ್ಟೆ, ಚರ್ಮ ಎಂದು ದೇಹ ಇಟ್ಟುಕೊಂಡಿರುವ ಕಾವಲನ್ನೆಲ್ಲ ಹಿಂದೆ ಬಿಟ್ಟು ಸೂಜಿ ಆ ರಕ್ತವನ್ನು ಒಳಗೆ ಇಳಿಸುತ್ತದೆ. ಒಂದೇ ಬಟ್ಟಲಲ್ಲಿ ಊಟ ಮಾಡಿದರೆ ಬರದ ಕಾಯಿಲೆ ಒಂದೇ ಮುಚ್ಚಳದಿಂದ ಬರುತ್ತದೆ.

‘ಇಷ್ಟು ಬೇಗ ಹೀಗಾಗಕ್ಕೆ ಬರೀ ವೈರಸ್ಸೊಂದೇ ಕಾರಣ ಅಲ್ಲ’ ಎಂದಳು. ‘ಅಮಲು ಹಸಿವು ತಿಂದ್ಹಾಕುತ್ತೆ, ನಿದ್ದೆ ತಿಂದ್ಹಾಕುತ್ತೆ, ಕೆಮ್ಮನ್ನೂ ಅಡಗಿಸಿಬಿಡುತ್ತೆ. ಎದೇಲಿ ಕ್ಷಯ ಕೂತಿದ್ರೂ ನಿಮಗೆ ಗೊತ್ತಾಗಿಲ್ಲ. ತೂತು ಮಾಡಿದ ಜಾಗದಲ್ಲೆಲ್ಲ ಕೊಳೆ ಒಳಗೆ ಹೋಗುತ್ತೆ. ಅದರ ಜೊತೆ ಹೊಡೆದಾಡಿ ಹೊಡೆದಾಡಿ ಮೈ ಸುಸ್ತಾಗಿರುತ್ತೆ. ಅಂಥ ಹೊತ್ತಲ್ಲಿ ಎಚ್‌ಐವಿ ಬಂದು, ಹೊಡೆದಾಡೋ ಕಣಗಳನ್ನೇ ತಿನ್ನಕ್ಕೆ ಶುರುಮಾಡುತ್ತೆ. ಸಿಡಿ4 ಅಂತಾರೆ. ಚೆನ್ನಾಗಿರೋರಿಗೆ ಐನೂರರ ಮೇಲಿರುತ್ತೆ. ನಿಮ್ದು ನೂರೂ ಇಲ್ಲ.’

ಅಸ್ಗರನಿಗೆ ಅದು ಅರ್ಥವಾದದ್ದು ಅವನದೇ ರೀತಿಯಲ್ಲಿ. ಹಳೇ ಕಾರುಗಳ ಸೀಟು ಬಿಚ್ಚಿದಾಗ ಎಷ್ಟೋ ಸಲ ಮೇಲಿನ ರೆಕ್ಸಿನ್ ಹೊಳೆಯುತ್ತಿರುತ್ತದೆ, ಒಳಗಿನ ಫೋಮ್ ಮಾತ್ರ ಮುಟ್ಟಿದರೆ ಹಿಟ್ಟಾಗಿ ಉದುರುತ್ತದೆ. ಅಂಥ ಸೀಟಿನ ಮಾಲೀಕರನ್ನು ಅವನು ಇಷ್ಟು ವರ್ಷ ಮೂರ್ಖರೆಂದೇ ಕರೆಯುತ್ತ ಬಂದಿದ್ದ.

ಅಸ್ಗರ್ ಒಪ್ಪಿದ ಮೇಲೆ ಫಹ್ಮಿದಾ ಶಿರೀನಳಿಗೂ ವಿಷಯ ಹೇಳಿ ರಕ್ತ ಪರೀಕ್ಷೆ ಮಾಡಿಸಿದಳು. ಶಿರೀನಳ ರಕ್ತದಲ್ಲಿ ಸೋಂಕಿರಲಿಲ್ಲ. ಕೆಲವು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕೆಂದರು. ಅವಳು ಫಲಿತಾಂಶ ಕೇಳಿಕೊಂಡು ಹೊರಗೆ ಬಂದು, ಬೆಂಚಿನ ಮೇಲೆ ಗಂಡನಿಂದ ಒಂದು ಕೈ ದೂರದಲ್ಲಿ ಕೂತಳು.

‘ನಾನು ಬಚಾವಾಗಿರೋದು ನಿಮ್ಮ ಕೆಂಪು ದಾರದಿಂದಲ್ಲ’ ಎಂದಳು. ‘ಅಮಲಲ್ಲಿ ಗಂಡಸು ಯಾವುದಕ್ಕೂ ಬಾರದವನಾಗ್ತಾನಲ್ಲ, ಅದರಿಂದ.’

ಚಿಕಿತ್ಸೆ ಎಂದರೆ ಅಸ್ಗರನಿಗೆ ಅವಮಾನದ ಇನ್ನೊಂದು ಹೆಸರಾಯಿತು. ಕ್ಷಯದ ಮಾತ್ರೆ ಮತ್ತು ಎಚ್‌ಐವಿಯ ಮಾತ್ರೆಯನ್ನು ಮನೆಯಲ್ಲೇ ನುಂಗಬಹುದಿತ್ತು. ಸೂಜಿಯ ಬದಲಿಗೆ ಕೊಡುವ ಮಾತ್ರೆಗೆ ಮಾತ್ರ ದಿನವೂ ಕೇಂದ್ರಕ್ಕೆ ಹೋಗಬೇಕು. ನರ್ಸ್ ಅದನ್ನು ಪುಡಿ ಮಾಡಿ ನಾಲಿಗೆಯ ಕೆಳಗೆ ಸುರಿಯುತ್ತಿದ್ದಳು. ಕರಗುವವರೆಗೆ ಮಾತಾಡದೆ ಕೂರಬೇಕು, ಆಮೇಲೆ ಬಾಯಿ ತೆರೆದು ತೋರಿಸಬೇಕು. ಸಾಲಿನಲ್ಲಿ ಅವನ ಹಿಂದೆ ಮುಂದೆ ನಿಲ್ಲುತ್ತಿದ್ದವರು ಯಾರೆಂದರೆ ಗೋಡೆಯ ಹಿಂದಿನ ಎಂಜಲು ಪಾರ್ಟಿಯವರು.

ಅವರಲ್ಲಿ ಓವೈಸ್ ಎಂಬ ಹಲ್ಲು ಉದುರಿದವನೊಬ್ಬ ಮೊದಲ ದಿನವೇ ಜಾಗ ಬಿಟ್ಟುಕೊಟ್ಟಿದ್ದ. ‘ಬನ್ನಿ ಸೇಠ್, ಮುಂದೆ ಬನ್ನಿ. ನಮ್ ನಾಲಿಗೆ ಕೆಳಗೆ ಹಾಕೋ ಮುಂಚೆ ನಿಮ್ದಕ್ಕೆ ಹಾಕ್ಲಿ. ಎಂಜಲಾಗ್ಬಾರ್ದು.’

ಸಾಲು ನಕ್ಕಿತು. ನಾಲಿಗೆಯ ಕೆಳಗೆ ಪುಡಿ ಇದ್ದುದರಿಂದ ಅಸ್ಗರನಿಗೆ ತಿರುಗಿ ಬೈಯಲೂ ಆಗಲಿಲ್ಲ.

ಆದರೂ ಅವನು ಹೋದ. ಸೂಜಿಯ ಹಸಿವು ಮೆಲ್ಲಗೆ ಅಡಗಿತು, ಅದು ಅಡಗಿದ್ದರಿಂದ ಉಳಿದ ಮಾತ್ರೆಗಳೂ ತಪ್ಪಲಿಲ್ಲ. ತಪ್ಪಿಸಿದರೆ ವೈರಸ್ ಮತ್ತೆ ತಲೆಯೆತ್ತಿ, ಮಾತ್ರೆಗೇ ಬಗ್ಗದ ಹಾಗಾಗಬಹುದು ಎಂದು ಫಹ್ಮಿದಾ ಹೆದರಿಸಿದ್ದಳು. ಬಾವು ಒಣಗಿತು, ನಾಲಿಗೆ ಕೆಂಪಾಯಿತು. ಅವನು ಸೊಂಟದ ಹೊಲಿಗೆ ಬಿಚ್ಚಿಕೊಂಡ.

ಒಂದು ಕೆಲಸ ಮಾತ್ರ ಉಳಿದಿತ್ತು. ಕೆಂಪರಾಜನಿಗೆ ಹೇಳಬೇಕಿತ್ತು.

‘ಅವರನ್ನ ಟೆಸ್ಟಿಗೆ ಕರ್ಕೊಂಡ್ ಬನ್ನಿ’ ಎಂದು ಫಹ್ಮಿದಾ ಪ್ರತಿಸಲವೂ ಹೇಳುತ್ತಿದ್ದಳು. ‘ಅವರಿಗೆ ಮಾತ್ರ ಹೇಳಿ. ಅವರ ಮನೆಯವರ ಮುಂದೆ ಅವರ ವಿಷಯ ಎತ್ತಬೇಡಿ. ಕಾಯಿಲೆ ಇದ್ರೆ ಅದನ್ನ ಹೇಳೋ ಹಕ್ಕು ಅವರದು.’

ಅಸ್ಗರ್ ಫೋನ್ ಮಾಡಿದ. ಕೆಂಪರಾಜ್ ಕೇಳಿಸಿಕೊಂಡು ನಕ್ಕ.

‘ಡೆಂಗ್ಯೂ ಬಂದು ಹೋಯ್ತು ಗುರು, ಅದಕ್ಕೇ ಸ್ವಲ್ಪ ವೀಕು. ನಿಂಗೆ ಬಂದಿರೋದು ನಿನ್ ಏರಿಯಾದಿಂದ. ನಮ್ ಕಡೆ ಅವೆಲ್ಲ ಬರಲ್ಲ. ನಿನ್ ಸೂಜಿ ನಾನು ಯಾವತ್ತಾದ್ರೂ ಮುಟ್ಟಿದೀನಾ, ಹೇಳು?’

ತನ್ನದೇ ಮಾತನ್ನು ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಅದು ಎಷ್ಟು ಪೆದ್ದು ಎಂದು ಅಸ್ಗರನಿಗೆ ತಿಳಿಯಿತು. ಫೋನ್ ಇಟ್ಟು, ಸಾಯಲಿ ಎಂದುಕೊಂಡ. ಮತ್ತೆ ಮಾಡಿದಾಗ ಕೆಂಪರಾಜ್ ಎತ್ತಲಿಲ್ಲ.

ಕೆ.ಆರ್. ಪುರದ ಗಿರಾಕಿಯೊಬ್ಬ ಸೀಟು ಹೊಲಿಸಲು ಬಂದಾಗ ಸುದ್ದಿ ಹೇಳಿದ. ಬೈಲಪ್ಪನವರ ಮಗ ಎದ್ದು ಓಡಾಡುವುದೂ ಕಷ್ಟವಂತೆ. ದೃಷ್ಟಿ ತೆಗೆಸಿ, ತಾಯಿತ ಕಟ್ಟಿಸಿ, ಹೋಮ ಮಾಡಿಸಿದರಂತೆ. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಲಿವರ್ ನೋಡಿದರಂತೆ, ಹೊಟ್ಟೆ ನೋಡಿದರಂತೆ. ಮೊಮ್ಮಗು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಅಕ್ಕಯಮ್ಮ ಸೊಸೆಗೆ ಹೊಸ ವ್ರತ ಹಿಡಿಸಿದ್ದಾಳಂತೆ. ಅಷ್ಟು ದೊಡ್ಡ ಆಸ್ಪತ್ರೆಗಳಲ್ಲಿ ಅಂಗಿಯ ತೋಳು ಮೇಲೆತ್ತಿ ನೋಡುವಷ್ಟು ಬಿಡುವು ಯಾರಿಗೂ ಆಗಿರಲಿಲ್ಲ. ಕೆಂಪರಾಜ್ ತಾನಾಗಿ ಎತ್ತಿರಲಿಲ್ಲ.

ಸೊಸೆಯ ವ್ರತದ ಮಾತನ್ನು ಅಸ್ಗರ್ ಊಟದ ಹೊತ್ತಿಗೆ ಶಿರೀನಳಿಗೆ ಹೇಳಿದ, ಜೋಕಿನ ಹಾಗೆ.

ಶಿರೀನ್ ನಗಲಿಲ್ಲ. ‘ನನಗೆ ಹೇಳಕ್ಕೆ ಫಹ್ಮಿದಾ ಇದ್ಲು. ಆ ಹುಡುಗೀಗೆ ಯಾರಿದಾರೆ?’

‘ಅವನು ಹೇಳ್ಬೇಕು. ಕಾನೂನು.’

‘ಅವನು ಹೇಳಲ್ಲ. ನೀವು ಹೇಳಿದ್ರಾ ನಂಗೆ?’

ಅಸ್ಗರ್ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಕೆಂಪರಾಜನ ಮನೆಗೆ ಅವನು ಹೋದದ್ದು ಅದೇ ಮೊದಲು. ಮೂರಂತಸ್ತಿನ ಮನೆ, ಗ್ರಾನೈಟ್ ಮೆಟ್ಟಿಲು, ಹಾಲಿನ ತುಂಬ ಬೈಲಪ್ಪನ ಫೋಟೋಗಳು. ದಿವಾನದ ಮೇಲೆ ಕೆಂಪರಾಜ್ ಆ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ತೊಟ್ಟು ಒರಗಿದ್ದ. ಕೆನ್ನೆ ಒಳಗೆ ಹೋಗಿತ್ತು. ತುಟಿಯ ಅಂಚಿನಲ್ಲಿ ಬಿಳಿ. ಅಸ್ಗರನಿಗೆ ಆ ಬಿಳಿಯ ಪರಿಚಯವಿತ್ತು.

‘ಯಾರಪ್ಪಾ ಇದು ಸಾಬ್ರು?’ ಎಂದು ಅಕ್ಕಯಮ್ಮ ಕೇಳಿದಳು.

‘ಸೀಟು ಹೊಲಿಯೋನಮ್ಮ’ ಎಂದ ಕೆಂಪರಾಜ್, ಅವನ ಮುಖ ನೋಡದೆ.

‘ಇವನ ಹತ್ರ ಒಂದ್ ಮಾತಿತ್ತು ಅಮ್ಮ. ಒಂದೈದು ನಿಮಿಷ’ ಎಂದ ಅಸ್ಗರ್.

‘ಆಡಪ್ಪ. ನಾನೇನ್ ಬ್ಯಾಡ ಅಂದ್ನಾ?’ ಎಂದು ಅಕ್ಕಯಮ್ಮ ಮಗನ ಕಾಲ ಬಳಿ ಇನ್ನಷ್ಟು ಗಟ್ಟಿಯಾಗಿ ಕೂತಳು. ‘ಹುಷಾರಿಲ್ದೋನ ಹತ್ರ ಗುಟ್ಟೇನು? ದುಡ್ಡು ಗಿಡ್ಡು ಬಾಕಿ ಇದ್ರೆ ನನ್ನೇ ಕೇಳು.’

‘ಟೆಸ್ಟಿಗೆ ಬಾ ಮಗಾ’ ಎಂದ ಅಸ್ಗರ್.

‘ಎಲ್ಲಾ ಟೆಸ್ಟೂ ಆಗಿದೆ’ ಎಂದ ಕೆಂಪರಾಜ್. ‘ಹೇಳಿದ್ನಲ್ಲ, ನಿಂದು ನಿಂದೇ, ನಂದು ನಂದೇ. ಯಾಕ್ ಗುರು ತಲೆ ತಿಂತೀಯ?’

ಅಸ್ಗರನಿಗೆ ಎದ್ದು ಹೋಗಬೇಕೆನಿಸಿತು. ಅಕ್ಕಯಮ್ಮ ಅಷ್ಟರಲ್ಲಿ ಸೊಸೆಯನ್ನು ಕರೆದು, ಬಂದವರಿಗೆ ನೀರು ಕೊಡಲು ಹೇಳಿದಳು. ಹಾಲಿನ ಮೂಲೆಯಲ್ಲಿ ಮರಳಿನ ಮೇಲೆ ಮಣ್ಣಿನ ಗಡಿಗೆ ಇತ್ತು. ಫ್ರಿಜ್ಜಿನ ನೀರು ಉಷ್ಣವೆಂದು ಅಕ್ಕಯಮ್ಮ ಬೇಸಿಗೆಯಲ್ಲಿ ಎಲ್ಲರಿಗೂ ಅದನ್ನೇ ಕುಡಿಸುತ್ತಿದ್ದಳು. ಧನಲಕ್ಷ್ಮಿ ಒಳಗಿನಿಂದ ಪೇಪರ್ ಲೋಟವೊಂದನ್ನು ತಂದು ಅಸ್ಗರನ ಕೈಗೆ ಕೊಟ್ಟು, ಚೊಂಬಿನಲ್ಲಿ ನೀರು ತೆಗೆದು ಮೇಲಿನಿಂದ ಸುರಿದಳು. ಹಾಲಿನ ಶೆಲ್ಫಿನಲ್ಲಿ ಸ್ಟೀಲು ಲೋಟಗಳು ಸಾಲಾಗಿ ಹೊಳೆಯುತ್ತಿದ್ದವು. ಅಸ್ಗರ್ ಅವುಗಳನ್ನು ನೋಡಿದ, ತನ್ನ ಕೈಯ ಪೇಪರ್ ಲೋಟ ನೋಡಿದ. ತುಟಿಯ ಮೂಲೆ ಇಳಿಯಿತು.

ಅವನು ಲೋಟವನ್ನು ಬಾಯಿಗೆ ಕಚ್ಚಿ, ಸದ್ದು ಮಾಡಿಕೊಂಡು ಕುಡಿದ. ಎದ್ದು ಗಡಿಗೆಯ ಬಳಿ ಹೋದ. ಅದೇ ಲೋಟವನ್ನು ಮಣಿಕಟ್ಟಿನವರೆಗೆ ಗಡಿಗೆಯೊಳಗೆ ಅದ್ದಿ ತುಂಬಿಕೊಂಡ.

‘ಅಯ್ಯೋ, ಏನೋ ನಿಂದು, ಅದ್ದೇಬಿಟ್ಯಲ್ಲೋ’ ಎಂದು ಅಕ್ಕಯಮ್ಮ ಎದ್ದು ನಿಂತಳು.

‘ನನ್ ಲೋಟ ನಂದೇ ಅಲ್ವಾ ಅಮ್ಮ? ನಿಮ್ ಲೋಟ ಮುಟ್ಟಿಲ್ಲ ನಾನು.’

‘ಲೋಟ ನಿಂದಾದ್ರೇನು? ಬಾಯಿಗ್ ಕಚ್ಚಿದ್ನ ಗಡಿಗೆಗ್ ಹಾಕಿದ್ಮೇಲೆ ಇನ್ನೇನ್ ಉಳೀತು? ಗಡಿಗೆ ಪೂರಾ ಎಂಜಲು. ಇನ್ನು ಈ ನೀರ್ ಕುಡ್ದೋರಿಗೆಲ್ಲ ನಿನ್ನೆಂಜಲೇ.’

‘ಅವರವರ ಲೋಟದಲ್ಲಿ ಕುಡಿದ್ರೂನಾ?’

‘ಯಾವನ್ ಲೋಟ ಆದ್ರೇನು? ನೀರು ಒಂದೇ ಅಲ್ವೇನೋ? ಅಷ್ಟೂ ತಿಳಿಯಕಿಲ್ವಾ ನಿಮ್ಗೆ?’

ಅಸ್ಗರ್ ಕೆಂಪರಾಜನ ಕಡೆ ತಿರುಗಿದ. ‘ಕೇಳಿಸ್ಕೊಂಡ್ಯಾ ಮಗಾ? ನಂಗೆ ಮೂರು ಟೆಸ್ಟ್ ಮಾಡಿ ಹೇಳಿದ್ದನ್ನ ನಿಮ್ಮಮ್ಮ ಒಂದೇ ಮಾತಲ್ಲಿ ಹೇಳಿದ್ರು.’

ಕೆಂಪರಾಜ್ ಗಡಿಗೆಯನ್ನೇ ನೋಡುತ್ತಿದ್ದ. ಎತ್ತಿ ಕುಡಿಯುವ ಮನೆಯಲ್ಲಿ ಹುಟ್ಟಿದವನು. ಈ ಪಾಠ ಅವನಿಗೆ ಮಾತು ಬರುವುದಕ್ಕೆ ಮೊದಲೇ ಬಂದಿತ್ತು. ಅವನ ಕೈ ತಾನಾಗಿ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಿತು. ಆದರೆ ಬಾಯಿ ‘ಹೋಗು ಗುರು, ಸಾಕು’ ಎಂದಷ್ಟೇ ಹೇಳಿತು.

ಅಕ್ಕಯಮ್ಮ ಗಡಿಗೆ ಹೊರಗೆ ಚೆಲ್ಲಲು ಸೊಸೆಗೆ ಹೇಳಿದಳು. ಅಸ್ಗರ್ ಮೆಟ್ಟಿಲಿಳಿದು ಗೇಟಿನ ಬಳಿ ಬಂದಾಗ ಧನಲಕ್ಷ್ಮಿ ತೆಂಗಿನ ಬುಡಕ್ಕೆ ನೀರು ಸುರಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು:

‘ಸಿರಿಂಜು ನಾನು ನೋಡಿದೀನಿ. ಬಾತ್ರೂಮಲ್ಲಿ. ಅವರಿಗೆ ಏನಾಗಿದೆ?’

‘ಅದನ್ನ ನಾನು ಹೇಳೋ ಹಾಗಿಲ್ಲಮ್ಮ. ನನಗೂ ಗೊತ್ತಿಲ್ಲ.’

‘ಮತ್ತೆ ಯಾಕ್ ಬಂದ್ರಿ?’

ಗೇಟಿನ ಆಚೆ ಪೀಜಿಯ ಹುಡುಗರು ಫೋನಿನಲ್ಲಿ ಮಾತಾಡುತ್ತ ಹೋಗುತ್ತಿದ್ದರು. ಅಸ್ಗರ್ ತನ್ನ ಕಾಯಿಲೆಯ ಹೆಸರನ್ನು ಆ ತನಕ ಬಾಯಿಬಿಟ್ಟು ಹೇಳಿರಲಿಲ್ಲ. ಫಹ್ಮಿದಾಳ ಮುಂದೆ ‘ಅದು’ ಎನ್ನುತ್ತಿದ್ದ, ಶಿರೀನಳ ಮುಂದೆ ಅದನ್ನೂ ಎನ್ನುತ್ತಿರಲಿಲ್ಲ. ಗಲ್ಲಿಯಲ್ಲಿ ಟೈಫಾಯಿಡ್ ಎಂದು ಹೇಳಿಕೊಂಡಿದ್ದ. ಈಗ ತನ್ನನ್ನು ಪೇಪರ್ ಲೋಟದಲ್ಲಿ ಅಳೆದ ಮನೆಯ ಸೊಸೆಗೆ ಅದನ್ನು ಹೇಳಿದರೆ, ಗಲ್ಲಿಗೆ ತಲುಪಲು ಎಷ್ಟು ಹೊತ್ತು? ಎಂಜಲು ಪಾರ್ಟಿಗೆ ಇನ್ನೊಬ್ಬ ಮೆಂಬರು.

‘ನನ್ನದು ಹೇಳಬಹುದು’ ಎಂದ. ‘ನಂಗೆ ಎಚ್‌ಐವಿ ಇದೆ. ಸೂಜಿಯಿಂದ ಬಂತು. ನನ್ ಸೂಜಿ ಯಾರೂ ಮುಟ್ಟಿಲ್ಲ, ನಾನೂ ಯಾರದ್ದೂ ಮುಟ್ಟಿಲ್ಲ. ಹೇಗ್ ಬಂತು ಅಂತ ಈ ಗಡಿಗೇಲಿ ನೋಡಿದ್ರಲ್ಲ, ಹಾಗೇ. ನನ್ ಹೆಂಡ್ತೀನೂ ಟೆಸ್ಟ್ ಮಾಡಿಸ್ಕೊಂಡ್ಳು. ಅವಳಿಗಿಲ್ಲ. ಮಾಡಿಸ್ಕೊಂಡಿದ್ದಕ್ಕೆ ಗೊತ್ತಾಯ್ತು.’

ಧನಲಕ್ಷ್ಮಿ ಗಡಿಗೆಯನ್ನು ಬೋರಲು ಹಾಕಿ ಒಳಗೆ ಹೋದಳು. ಹೇಳಿದ್ದು ವ್ಯರ್ಥವಾಯಿತು, ಮಾನವೂ ಹೋಯಿತು ಎಂದುಕೊಂಡು ಅಸ್ಗರ್ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಆ ಮನೆಯ ಗ್ರಾನೈಟನ್ನು, ಹೋಮವನ್ನು, ಫೋಟೋಗಳನ್ನು ಒಂದೊಂದಾಗಿ ಬೈದ. ಆಸ್ಪತ್ರೆಯ ಹೆಸರನ್ನು ಹೇಳಲು ಮರೆತದ್ದು ಶಿವಾಜಿನಗರ ಬಂದಾಗ ನೆನಪಾಯಿತು. ಆಗ ತನ್ನನ್ನೂ ಬೈದುಕೊಂಡ.

ಹೆಸರು ಬೇಕಿರಲಿಲ್ಲ, ಫೋನಿನಲ್ಲೇ ಅದನ್ನು ಕೆಂಪರಾಜನಿಗೆ ಹೇಳಿಯಾಗಿತ್ತು. ಆ ವಾರ ಕಳೆಯುವುದರೊಳಗೆ ಅಸ್ಗರ್ ನಾಲಿಗೆಯ ಕೆಳಗೆ ಪುಡಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಾಗ ಫಹ್ಮಿದಾಳ ಕೋಣೆಯ ಬಾಗಿಲು ತೆರೆಯಿತು. ಮೊದಲು ಹೊರಬಂದವಳು ಧನಲಕ್ಷ್ಮಿ. ಹಿಂದೆ ಕೆಂಪರಾಜ್, ತಲೆಗೆ ಹೆಲ್ಮೆಟ್ಟು, ಮುಖದ ಗಾಜು ಇಳಿಸಿ. ಆಸ್ಪತ್ರೆಯೊಳಗೆ ಹೆಲ್ಮೆಟ್ ಹಾಕಿಕೊಂಡಿದ್ದವನು ಅವನೊಬ್ಬನೇ ಆದ್ದರಿಂದ ಎಲ್ಲರೂ ಅವನನ್ನೇ ನೋಡುತ್ತಿದ್ದರು.

‘ತೆಗೀರಿ ಅದನ್ನ’ ಎಂದಳು ಧನಲಕ್ಷ್ಮಿ. ‘ಅತ್ತೆ ಇಲ್ಲಿಲ್ಲ.’

ಅವನು ತೆಗೆದ. ಅವನಿಗಿತ್ತು, ಅವಳಿಗಿರಲಿಲ್ಲ. ಅವಳೂ ಕೆಲವು ತಿಂಗಳ ಮೇಲೆ ಮತ್ತೆ ಬರಬೇಕಿತ್ತು. ಅದನ್ನು ಅವಳೇ ಅಸ್ಗರನಿಗೆ ಹೇಳಿದಳು, ಬಾಡಿಗೆದಾರನಿಗೆ ನೀರಿನ ಹೊತ್ತು ಹೇಳಿದಷ್ಟು ಸಪ್ಪೆಯಾಗಿ. ಮಗು ಬೇಕೆಂದರೆ ಮುಂದೆ ಅದಕ್ಕೂ ದಾರಿಯಿದೆಯಂತೆ, ಇವರು ಮಾತ್ರೆ ಬಿಡದಿದ್ದರೆ. ವ್ರತವನ್ನು ನಿನ್ನೆಯೇ ಬಿಟ್ಟಳಂತೆ.

ಕೆಂಪರಾಜ್ ಅಸ್ಗರನ ಮುಂದೆ ನಿಂತ. ‘ನಿನ್ನಿಂದ ಬಂತು’ ಎಂದ.

ಅಸ್ಗರ್ ಬಾಯಿ ಬಿಡುವಂತಿರಲಿಲ್ಲ. ಕೈಯಿಂದ ಕೆಂಪರಾಜನನ್ನು ತೋರಿಸಿ, ಆಮೇಲೆ ತನ್ನ ಎದೆ ತೋರಿಸಿದ. ನಿನ್ನಿಂದ ನನಗೆ.

‘ಯಾರಿಂದ ಯಾರಿಗೆ ಅಂತ ಯಾರೂ ಹೇಳಕ್ಕಾಗಲ್ಲ’ ಎಂದು ಬಾಗಿಲಲ್ಲಿ ನಿಂತಿದ್ದ ಫಹ್ಮಿದಾ ಹೇಳಿದಳು. ‘ಗೊತ್ತಾದ್ರೆ ಮಾತ್ರೆ ಏನ್ ಬೇರೆ ಕೊಡ್ತಾರಾ? ಸಾಲಿಗೆ ನಿಂತ್ಕೊಳ್ಳಿ.’

ಕೆಂಪರಾಜ್ ಸಾಲು ನೋಡಿದ. ಓವೈಸ್ ಹಲ್ಲಿಲ್ಲದ ಬಾಯಲ್ಲಿ ನಗುತ್ತ ಜಾಗ ಬಿಟ್ಟು ನಿಂತಿದ್ದ. ಕೆಂಪರಾಜ್ ಹೆಂಡತಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, ‘ಇವರ ಜೊತೆ ನಿಲ್ಲಕ್ಕಾಗಲ್ಲ ಕಣೇ. ಎಲ್ಲಾದ್ರೂ ಪ್ರೈವೇಟಲ್ಲಿ ನೋಡೋಣ’ ಎಂದ.

ಅಸ್ಗರನ ತುಟಿಯ ಮೂಲೆ ಕೆಳಗಿಳಿಯಿತು. ನರ್ಸ್ ಅವನ ಹೆಸರು ಕೂಗಿದಳು. ಅವನು ಎದ್ದು ಹೋಗಿ, ಎಲ್ಲರೂ ನೋಡುವಂತೆ ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿ ಬಂದ.

‘ನಾನೂ ಹಾಗೇ ಅಂದಿದ್ದೆ’ ಎಂದ ಕೆಂಪರಾಜನಿಗೆ. ‘ಆಮೇಲೆ ನಿಂತೆ. ನಿನ್ ಕಾಲಲ್ಲಿ ರಾಡೂ ಇಲ್ಲ, ನಿಲ್ಲಕ್ಕೇನು ಕಷ್ಟ? ಹೋಗು.’

ಧನಲಕ್ಷ್ಮಿ ಗಂಡನ ಕೈಯಿಂದ ಹೆಲ್ಮೆಟ್ಟನ್ನು ತೆಗೆದುಕೊಂಡು ಬೆಂಚಿನ ಮೇಲೆ, ಖಾಲಿಯಾದ ಜಾಗದಲ್ಲಿ ಕೂತಳು. ಕೆಂಪರಾಜ್ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದ. ಆಮೇಲೆ ಹೋಗಿ ಓವೈಸನ ಹಿಂದೆ ನಿಂತ, ಮೈ ತಾಗದಷ್ಟು ದೂರ ಬಿಟ್ಟು.